ಎರಡನೆಯ ಕಾರ್ಡಿಗೆ ಒಂದು ಸಹಿ

ಮೊನ್ನೆ ಮಧ್ಯಾಹ್ನ ಊಟ ಮುಗಿಸಿ, ಪೇಪರನ್ನು ಮುಖದ ಮೇಲೆ ಹಾಕಿಕೊಂಡು ಇನ್ನೇನು ಕಣ್ಣು ಮುಚ್ಚಬೇಕು, ಅಷ್ಟರಲ್ಲಿ ಫೋನು ಬಂತು. ಸಕ್ಕರೆಯಂಥ ದನಿಯ ಹುಡುಗಿ. ತಮ್ಮ ಬ್ಯಾಂಕು ನನ್ನನ್ನು ವಿಶೇಷವಾಗಿ ಆರಿಸಿ ಒಂದು ಕ್ರೆಡಿಟ್ ಕಾರ್ಡು ಕೊಡಲು ತೀರ್ಮಾನಿಸಿದೆ ಎಂದಳು. ಈಗಾಗಲೇ ಇದೆಯಮ್ಮ ಎಂದೆ. ಇದ್ದರೆ ಇರಲಿ ಸಾರ್, ಪರ್ಸಿನಲ್ಲಿ ಇನ್ನೊಂದು ಇದ್ದರೆ ನಿಮಗೇನು ಭಾರ ಎಂದಳು. ಅವಳು ಕೇಳಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಮಾತು ಕಿವಿಗೆ ಬಿದ್ದದ್ದೇ ತಡ, ಫೋನು ಹಿಡಿದಿದ್ದ ಬಲಗೈಯ ಮಣಿಕಟ್ಟನ್ನು ನನ್ನ ಎಡಗೈ ತಾನಾಗಿಯೇ ಹೋಗಿ ಗಟ್ಟಿಯಾಗಿ ಹಿಡಿದುಕೊಂಡಿತು. ಬೇಡಮ್ಮ ಎಂದು ಹೇಳಿ ಫೋನಿಟ್ಟೆ. ನಿದ್ದೆ ಮಾತ್ರ ಹಾರಿಹೋಗಿತ್ತು.

ಇನ್ನೊಂದು ಕಾರ್ಡು ಬೇಕೋ ಬೇಡವೋ ಎನ್ನುವುದು ಈಗ ಯಾರೂ ಹೆದರುವ ಪ್ರಶ್ನೆಯಲ್ಲ. ನಾನು ಒಂದು ಕಾಲದಲ್ಲಿ ಅದಕ್ಕೆ ತಿಂಗಳುಗಟ್ಟಲೆ ಹೆದರಿದ್ದೆ. ಸಾಲಕ್ಕೆ ಹೆದರಿದ್ದೆ ಎಂದು ನೀವು ಅಂದುಕೊಂಡರೆ ತಪ್ಪು. ಸಾಲಕ್ಕೆ ಹೆದರುವುದು ಮರ್ಯಾದಸ್ಥರ ಲಕ್ಷಣ. ಹಾಗೆ ಹೇಳಿಕೊಂಡಿದ್ದರೆ ನಾಲ್ಕು ಜನ ಮೆಚ್ಚುತ್ತಿದ್ದರು. ನಾನು ಹೆದರಿದ್ದು ಸಹಿಗೆ.

ಎಂಬತ್ತರ ದಶಕದ ಕೊನೆಯ ವರ್ಷಗಳು. ನಮ್ಮ ಮನೆ ರಾಜಾಜಿನಗರದಲ್ಲಿ, ವೆಸ್ಟ್ ಆಫ್ ಕಾರ್ಡ್ ರೋಡ್. ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿದ್ದ ಒಂದು ಯಂತ್ರದ ಕಾರ್ಖಾನೆಯಲ್ಲಿ ನಾನು ಡ್ರಾಫ್ಟ್ಸ್‌ಮನ್. ಎಂಜಿನಿಯರು ಮನಸ್ಸಿನಲ್ಲಿ ಕಂಡ ಯಂತ್ರವನ್ನು ಅಳತೆಗೆ ಸರಿಯಾಗಿ ಕಾಗದದ ಮೇಲೆ ಇಳಿಸುವುದು ನನ್ನ ಕೆಲಸ. ನಮ್ಮ ಸಂಬಳ ಹೋಗುತ್ತಿದ್ದ ಬ್ಯಾಂಕಿನವರು ಒಂದು ದಿನ ಕಾರ್ಖಾನೆಗೇ ಬಂದು ಕ್ರೆಡಿಟ್ ಕಾರ್ಡೆಂಬ ಹೊಸ ವಸ್ತುವಿನ ಬಗ್ಗೆ ಭಾಷಣ ಮಾಡಿ, ಹಳಬರಾದ ಕೆಲವರ ಕೊರಳಿಗೆ ಅದನ್ನು ಕಟ್ಟಿ ಹೋದರು. ಅವರಲ್ಲಿ ನಾನೂ ಒಬ್ಬ. ಕಾರ್ಡು ಮನೆಗೆ ಬಂದಾಗ ಅಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ನಮ್ಮ ರೋಡಿಗೆ ಇದರ ಹೆಸರನ್ನು ಮುಂಚೆಯೇ ಇಟ್ಟಿದ್ದರಲ್ಲ ಎಂದರು. ಅಪ್ಪ ತಮಾಷೆ ಮಾಡುವುದು ಆಗ ತೀರಾ ಅಪರೂಪವಾಗಿತ್ತು. ಹಾಗಾಗಿ ನೆನಪಿದೆ.

ನನ್ನ ಪರ್ಸನ್ನು ನೀವು ನೋಡಬೇಕಿತ್ತು. ಬಸ್ ಪಾಸು, ಲಾಂಡ್ರಿ ಚೀಟಿ, ಪೊಟ್ಟಣದಲ್ಲಿ ಕುಂಕುಮ, ಹೆಂಡತಿ ಸರೋಜಳ ಪಾಸ್‌ಪೋರ್ಟ್ ಸೈಜಿನ ಫೋಟೋ, ಯಾವಾಗಲೋ ಕಿತ್ತು ಬಂದ ಷರಟಿನ ಗುಂಡಿ. ಇವೆಲ್ಲದರ ಮಧ್ಯೆ ಆ ಕಾರ್ಡು ದೊಡ್ಡ ಮನೆಯ ಅಳಿಯನಂತೆ ಬಿಗಿಯಾಗಿ ಕೂತಿತ್ತು. ನಾನು ಅದನ್ನು ಬಳಸುತ್ತಿರಲಿಲ್ಲ. ಆಫೀಸಿನಲ್ಲಿ ಯಾರಾದರೂ ಕೇಳಿದರೆ ತೆಗೆದು ತೋರಿಸುತ್ತಿದ್ದೆ, ಅಷ್ಟೆ.

ಈಗ ಅಪ್ಪನ ವಿಷಯ ಹೇಳಬೇಕು. ಅಪ್ಪ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಕಪ್ಪು ಹಲಗೆಯ ಮೇಲೆ ಒಂದೇ ಎಳೆತಕ್ಕೆ ಪೂರ್ತಿ ವೃತ್ತ ಬರೆಯುತ್ತಿದ್ದರು. ಶುರುವಾದ ಜಾಗಕ್ಕೇ ಗೆರೆ ಬಂದು ಕೂಡಿಕೊಳ್ಳುತ್ತಿತ್ತು. ಯಾವುದು ತಲೆ ಯಾವುದು ಬಾಲ ಎಂದು ಗೊತ್ತಾಗುತ್ತಿರಲಿಲ್ಲ. ಇಡೀ ತರಗತಿ ಉಸಿರು ಬಿಗಿಹಿಡಿದು ನೋಡುತ್ತಿತ್ತು. ಮನೆಯಲ್ಲಿ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು, ನನ್ನ ಕೈಯ ಮೇಲೆ ತಮ್ಮ ಕೈ ಇಟ್ಟು ಸ್ಲೇಟಿನ ಮೇಲೆ ಬರೆಸುತ್ತಿದ್ದರು. ಅವರ ಕೈ ಬೆಚ್ಚಗಿರುತ್ತಿತ್ತು. ಸೀಮೆಸುಣ್ಣದ ಪುಡಿಯಿಂದಾಗಿ ಸ್ವಲ್ಪ ಒರಟು. ಕೈ ತೆಗೆದ ಕೂಡಲೇ ನನ್ನ ವೃತ್ತ ಆಲೂಗಡ್ಡೆಯಾಗುತ್ತಿತ್ತು. ಅಪ್ಪ ಬೈಯುತ್ತಿರಲಿಲ್ಲ. ಆಲೂಗಡ್ಡೆಗೆ ಎರಡು ಕಣ್ಣು, ಒಂದು ಮೀಸೆ ಬರೆದು ನಮ್ಮ ಹೆಡ್‌ಮಾಸ್ಟರನ್ನು ಮಾಡಿ ನಗಿಸುತ್ತಿದ್ದರು. ನಾನು ಕಲಿತದ್ದು ಆ ಕೈಯಿಂದ, ಕೆಲಸ ಹಿಡಿದದ್ದೂ ಆ ಕಲಿತದ್ದರಿಂದ.

ರಿಟೈರಾಗಿ ಸ್ವಲ್ಪ ದಿನಕ್ಕೆ ಆ ಕೈ ನಡುಗಲು ಶುರುವಾಯಿತು. ತೊಡೆಯ ಮೇಲೆ ಸುಮ್ಮನೆ ಇಟ್ಟಿದ್ದಾಗಲೂ ಹೆಬ್ಬೆರಳು ಮತ್ತೆರಡು ಬೆರಳು ಹೂಬತ್ತಿ ಹೊಸೆಯುವ ಹಾಗೆ ಉಜ್ಜಾಡುತ್ತಿದ್ದವು. ಪಾರ್ಕಿನ್ಸನ್ ಕಾಯಿಲೆ ಎಂದು ಡಾಕ್ಟರು ಹೆಸರು ಹೇಳಿದ್ದರು. ನಾವು ಮನೆಯಲ್ಲಿ ಅದನ್ನು ನಡುಕ ಎಂದಷ್ಟೇ ಕರೆಯುತ್ತಿದ್ದೆವು. ಕ್ರಮೇಣ ನಡಿಗೆ ಚಿಕ್ಕದಾಯಿತು, ದನಿ ಇಳಿಯಿತು, ಮುಖದ ನಗು ಎಲ್ಲೋ ಒಳಗೆ ಸಿಕ್ಕಿಕೊಂಡಂತಾಯಿತು. ಕೊನೆಗೆ ಪೆನ್ಷನ್ನಿಗೆ ಹೆಬ್ಬೆಟ್ಟು ಒತ್ತುವ ದಿನ ಬಂತು. ಮಸಿ ಹತ್ತಿದ ಆ ಬೆರಳನ್ನು ಅಪ್ಪ ಮನೆಗೆ ಬಂದ ಮೇಲೂ ತೊಳೆಯದೆ ಸಂಜೆಯವರೆಗೆ ಹಾಗೇ ನೋಡುತ್ತ ಕೂತಿದ್ದರು.

ಹೀಗಿರುವಾಗ ನನ್ನ ಕೈಯೂ ನಡುಗಿತು.

ಮೊದಲ ಸಲ ಕಂಡದ್ದು ಬಸವೇಶ್ವರನಗರದಲ್ಲಿ ನೆಂಟರ ಮನೆಯ ಗೃಹಪ್ರವೇಶದಲ್ಲಿ. ಕಪ್-ಸಾಸರಿನಲ್ಲಿ ಕಾಫಿ ಕೊಟ್ಟರು. ಹಿಡಿದುಕೊಂಡೆ. ಕಪ್ ಸಾಸರಿನ ಮೇಲೆ ಟಿಕಟಿಕನೆ ಸದ್ದು ಮಾಡಿತು. ಸುತ್ತ ನೋಡಿ, ಯಾರೂ ಗಮನಿಸಿಲ್ಲವೆಂದು ಖಾತ್ರಿ ಮಾಡಿಕೊಂಡು ಕಿಟಕಿಯ ಮೇಲಿಟ್ಟುಬಿಟ್ಟೆ. ಆ ದಿನದಿಂದ ನಾನು ಕಳ್ಳನಾದೆ. ಸಾಸರು ಬೇಡ, ಲೋಟದಲ್ಲೇ ಕೊಡಿ ಎನ್ನತೊಡಗಿದೆ. ಲೋಟವನ್ನೂ ಎರಡು ಕೈಯಲ್ಲಿ ಹಿಡಿದು, ಚಳಿ ಎನ್ನುತ್ತಿದ್ದೆ. ಏಪ್ರಿಲ್ ತಿಂಗಳಲ್ಲೂ ಚಳಿ ಎಂದದ್ದುಂಟು. ಹಬ್ಬದ ದಿನ ಮಂಗಳಾರತಿ ತಟ್ಟೆ ಹಿಡಿಯಲು ಒಪ್ಪದೆ ಹಿಂದೆ ನಿಂತೆ. ನಾನು ನಾಸ್ತಿಕನಾದೆನೆಂದು ಸರೋಜಳ ಅಣ್ಣ ಒಂದು ಗಂಟೆ ವಾದ ಮಾಡಿದರು. ನಾನು ಮರುಮಾತಾಡದೆ ನಾಸ್ತಿಕನಾಗಿಯೇ ಉಳಿದೆ. ನಡುಗುವವನು ಎನ್ನಿಸಿಕೊಳ್ಳುವುದಕ್ಕಿಂತ ಅದು ವಾಸಿ ಎನ್ನಿಸಿತ್ತು.

ಕೆಲಸದಲ್ಲಿ ಯಾರಿಗೂ ಗೊತ್ತಾಗಲಿಲ್ಲ. ನಮ್ಮ ಗೆರೆಗಳಿಗೆಲ್ಲ ಸ್ಕೇಲಿನ ಆಸರೆ, ಅಕ್ಷರಗಳಿಗೆ ಸ್ಟೆನ್ಸಿಲಿನ ಆಸರೆ. ಮೊಣಕೈಯನ್ನು ಬೋರ್ಡಿನ ಮೇಲೆ ಒತ್ತಿಟ್ಟರೆ ಕೈ ಮಾತು ಕೇಳುತ್ತಿತ್ತು. ಆಸರೆ ಇಲ್ಲದೆ ಮಾಡಬೇಕಾದದ್ದು ಒಂದೇ, ಸಹಿ. ಡ್ರಾಯಿಂಗಿನ ಮೂಲೆಯಲ್ಲಿ ಚಿಕ್ಕದಾಗಿ ಎರಡಕ್ಷರ ಹಾಕಿ ಮುಗಿಸುತ್ತಿದ್ದೆ. ಪೂರ್ತಿ ಸಹಿ ಹಾಕಬೇಕಾಗಿ ಬಂದರೆ ಅದು ಕಾಗದದ ಮೇಲೆ ಇರುವೆ ಸಾಲಿನಂತೆ ಹೊರಡುತ್ತಿತ್ತು. ಅದನ್ನು ನೋಡಿದಾಗೆಲ್ಲ ಅಪ್ಪನ ಮಸಿ ಬೆರಳು ನೆನಪಾಗುತ್ತಿತ್ತು. ನನಗಾಗ ಇನ್ನೂ ನಲವತ್ತು ದಾಟಿರಲಿಲ್ಲ.

ಆ ಸಮಯಕ್ಕೆ ಸರಿಯಾಗಿ ಎರಡನೆಯ ಕಾರ್ಡು ವಕ್ಕರಿಸಿತು. ಕಾರ್ಖಾನೆಯವರು ನನ್ನನ್ನು ಹೊರಗೆ ಓಡಾಡುವ ಕೆಲಸಕ್ಕೆ ಹಾಕಬೇಕೆಂದಿದ್ದರು. ಮದ್ರಾಸು, ಕೊಯಮತ್ತೂರು, ಪುಣೆಯಲ್ಲಿನ ಗಿರಾಕಿಗಳ ಹತ್ತಿರ ಹೋಗಿ, ಅವರ ಯಂತ್ರ ನೋಡಿ ಅಳತೆ ತರಬೇಕು. ಬಡ್ತಿಯೂ ಹೌದು. ಹೋಟೆಲಿನಲ್ಲಿ ಇಳಿದು, ಆಮೇಲೆ ಖರ್ಚು ವಸೂಲು ಮಾಡಿಕೊಳ್ಳಬೇಕು. ನನ್ನಲ್ಲಿದ್ದ ಕಾರ್ಡು ಬೆಂಗಳೂರು ಬಿಟ್ಟರೆ ಬೇರೆಲ್ಲೂ ನಡೆಯುತ್ತಿರಲಿಲ್ಲ. ಪರವೂರಿನ ಹೋಟೆಲುಗಳಲ್ಲಿ ನಡೆಯುವ ಇನ್ನೊಂದು ಕಾರ್ಡು ಮಾಡಿಸಿಕೊಳ್ಳಿ ಎಂದು ನಮ್ಮ ಮ್ಯಾನೇಜರು ಹೇಳಿದರು. ಅಂಥ ಕಾರ್ಡು ಕೊಡುತ್ತಿದ್ದ ಬ್ಯಾಂಕಿನ ವಿಜಯನಗರದ ಶಾಖೆಯಲ್ಲೇ ನನ್ನ ಬಾಲ್ಯದ ಗೆಳೆಯ ಶ್ರೀಕಂಠ ಆಫೀಸರು. ಅಪ್ಪನ ಶಿಷ್ಯ ಬೇರೆ. ವಿಷಯ ಕಿವಿಗೆ ಬಿದ್ದ ಭಾನುವಾರವೇ ಸ್ಕೂಟರಿನಲ್ಲಿ ಫಾರಂ ತಂದು, ಪೆನ್ನಿನ ಮುಚ್ಚಳ ತೆಗೆದು ಕೈಗೆ ಕೊಟ್ಟ.

ಸರೋಜಳನ್ನು ಕೇಳಬೇಕು ಎಂದೆ. ಅಮಾವಾಸ್ಯೆ ಕಳೆಯಲಿ ಎಂದೆ. ಮುಂದಿನ ಭಾನುವಾರ ಅವನು ಮತ್ತೆ ಬಂದಾಗ, ಒಂದು ಕಾರ್ಡೇ ಕೂತು ತಿನ್ನುತ್ತಿರುವಾಗ ಇನ್ನೊಂದು ಯಾಕೆ ಎಂದು ಉಪದೇಶ ಮಾಡಿದೆ. ಅದರ ಮುಂದಿನ ವಾರ ಅವನ ಸ್ಕೂಟರಿನ ಸದ್ದು ಕೇಳಿ ಹಿತ್ತಿಲ ಬಾಗಿಲಿನಿಂದ ತರಕಾರಿ ತರಲು ಹೋದೆ. ತಂದದ್ದು ಒಂದು ಕಟ್ಟು ಕೊತ್ತಂಬರಿ. ಶ್ರೀಕಂಠ ಅಪ್ಪನ ಹತ್ತಿರ ಕೂತು ಹಳೆಯ ಸ್ಕೂಲಿನ ಮಾತಾಡಿ ಎದ್ದುಹೋದನಂತೆ. ಫಾರಂ ಟೀವಿಯ ಮೇಲಿತ್ತು. ಹೋಗುತ್ತ ಬರುತ್ತ ನಾನು ಅದನ್ನು ನೋಡದ ಹಾಗೆ ನೋಡುತ್ತಿದ್ದೆ. ಸಹಿ ಹಾಕದಿದ್ದರೆ ಬಡ್ತಿ ತಪ್ಪುತ್ತದೆ. ಹಾಕಿದರೆ ಶ್ರೀಕಂಠ ನೋಡುತ್ತಾನೆ. ಅವನು ನೋಡಿದರೆ ಅಪ್ಪನಿಗೆ ಗೊತ್ತಾಗುತ್ತದೆ. ಕಾರ್ಖಾನೆಗೆ ಗೊತ್ತಾದರೆ ಕೈ ನಡುಗುವ ಡ್ರಾಫ್ಟ್ಸ್‌ಮನ್ನನ್ನು ಇಟ್ಟುಕೊಂಡು ಏನು ಮಾಡುತ್ತಾರೆ? ಸ್ನಾನ ಮಾಡುವಾಗ, ಬಸ್ಸಿಗೆ ಕಾಯುವಾಗ, ಊಟದ ಡಬ್ಬಿ ಬಿಚ್ಚುವಾಗ ಇದೇ ಗಾಣ ತಿರುಗುತ್ತಿತ್ತು.

ಇದಕ್ಕೆ ಇನ್ನೂ ಒಂದು ಸೇರಿಕೊಂಡಿತು. ಸರೋಜ ಬಹಳ ದಿನದಿಂದ ಮಿಕ್ಸಿ ಬೇಕೆನ್ನುತ್ತಿದ್ದಳು. ಗೋವಿಂದರಾಜನಗರದ ಕಡೆ ಹೊಸ ಅಂಗಡಿಯೊಂದು ಆಗಿತ್ತು. ಬಾಗಿಲ ಗಾಜಿನ ಮೇಲೆ ಕಾರ್ಡು ನಡೆಯುತ್ತದೆ ಎಂಬ ಚೀಟಿ ಅಂಟಿಸಿದ್ದರು. ಇರುವ ಕಾರ್ಡನ್ನು ಒಂದು ಸಲವಾದರೂ ಬಳಸಿ ನೋಡೋಣ, ಆಗ ಎರಡನೆಯದು ಬೇಕೋ ಬೇಡವೋ ಗೊತ್ತಾಗುತ್ತದೆ ಎಂದಳು. ಆಕೆಯ ಮಾತಿನಲ್ಲಿ ಯಾವಾಗಲೂ ಇರುವಂತೆ ನ್ಯಾಯವಿತ್ತು. ಒಂದು ಶನಿವಾರ ಮಧ್ಯಾಹ್ನ ಹೋದೆವು.

ಮಿಕ್ಸಿ ಆರಿಸಿ ಆಯಿತು. ಅಂಗಡಿಯವರು ಒಳ್ಳೆಯವರೇ. ನನ್ನ ಕಾರ್ಡನ್ನು ಎರಡು ಕೈಯಲ್ಲಿ ತೆಗೆದುಕೊಂಡು, ಕಬ್ಬಿಣದ ಒಂದು ಪುಟ್ಟ ಯಂತ್ರದಲ್ಲಿಟ್ಟು, ಮೇಲೆ ಕಾರ್ಬನ್ ಇರುವ ಚೀಟಿ ಹಾಕಿ ಹಿಡಿಯನ್ನು ಕರಕ್ಕೆಂದು ಎಳೆದರು. ನನ್ನ ಹೆಸರು ಚೀಟಿಯ ಮೇಲೆ ಅಚ್ಚಾಯಿತು. ಸಹಿ ಹಾಕಿ ಸಾರ್ ಎಂದರು. ಗಾಜಿನ ಕೌಂಟರು. ಮೊಣಕೈ ಊರಲು ಎತ್ತರ ಸಾಲದು, ಕೆಳಗೆ ಜಾರುವ ಚೀಟಿ, ಹಿಂದೆ ಇಬ್ಬರು ಗಿರಾಕಿಗಳು. ಪೆನ್ನು ಮುಟ್ಟಿದ ಕೂಡಲೇ ಇರುವೆ ಸಾಲು ಹೊರಟಿತು.

ಅವರು ಕಾರ್ಡು ತಿರುಗಿಸಿ, ಅದರ ಬೆನ್ನ ಮೇಲೆ ನಾನು ಮೊದಲೇ ಹಾಕಿದ್ದ ಸಹಿ ನೋಡಿದರು. ಅದನ್ನು ನಾನು ಆಫೀಸಿನ ಬೋರ್ಡಿನ ಮೇಲೆ ಕೈ ಒತ್ತಿಟ್ಟು ಹಾಕಿದ್ದೆ. ಚೀಟಿ ನೋಡಿದರು. ಮತ್ತೆ ಕಾರ್ಡು ನೋಡಿದರು. ಇನ್ನೊಂದು ಸಲ ಹಾಕಿ ಸಾರ್ ಎಂದು ಬೇರೆ ಕಾಗದ ಕೊಟ್ಟರು. ಎರಡನೆಯದು ಮೊದಲಿನದಕ್ಕಿಂತ ಕೆಟ್ಟದಾಗಿ ಬಂತು. ಹಿಂದೆ ನಿಂತವರು ಮಾತು ನಿಲ್ಲಿಸಿದ್ದು ಕೇಳಿಸಿತು.

"ತಪ್ಪು ತಿಳ್ಕೋಬೇಡಿ ಸಾರ್," ಅಂಗಡಿಯವರು ದನಿ ತಗ್ಗಿಸಿ ಕೇಳಿದರು. "ಕಾರ್ಡು ನಿಮ್ದೇ ತಾನೆ?"

ನಾನು ಪೆನ್ನು ಹಿಡಿದುಕೊಂಡೇ ನಿಂತೆ. ಕದ್ದವನೂ ಬಹುಶಃ ಹೀಗೇ ನಿಲ್ಲುತ್ತಾನೆ ಎಂದು ನನಗೇ ಅನ್ನಿಸಿ ಇನ್ನೂ ಹೆದರಿದೆ. ಆಗ ಪಕ್ಕದಲ್ಲಿದ್ದ ಸರೋಜ ಮಾತಾಡಿದಳು.

"ಅವರದ್ದೇ. ಅವರ ಕೈ ನಡುಗುತ್ತೆ. ಒಂದು ವರ್ಷದಿಂದ ನಡುಗ್ತಾ ಇದೆ."

ಅಂಗಡಿಯವರು ನಾಚಿಕೊಂಡರು. ಬ್ಯಾಂಕಿಗೆ ಫೋನು ಮಾಡಿ ಕೇಳಬಹುದಿತ್ತು, ಆದರೆ ಶನಿವಾರ, ಮುಚ್ಚಿಬಿಟ್ಟಿದೆ, ಸೋಮವಾರ ಬಂದರೆ ತಾವೇ ಕೇಳಿ ಕೊಡುತ್ತೇವೆ ಎಂದು ಕಾರ್ಡು ವಾಪಸು ಕೊಟ್ಟರು. ಮಿಕ್ಸಿಯನ್ನು ಮತ್ತೆ ಡಬ್ಬಿಯೊಳಗೆ ಇಡುವುದನ್ನು ನೋಡದೆ ನಾನು ಹೊರಗೆ ಬಂದೆ.

ಮಾಗಡಿ ರೋಡಿನವರೆಗೂ ನಡೆದೆವು. ನಾನು ಅಷ್ಟೆಲ್ಲ ಹುಷಾರಾಗಿ ಮುಚ್ಚಿಟ್ಟದ್ದು ಆಕೆಗೆ ಮೊದಲಿನಿಂದಲೂ ಗೊತ್ತಿತ್ತು. ನನ್ನ ಲೋಟಕ್ಕೆ ಯಾವಾಗಲೂ ಅರ್ಧವೇ ಕಾಫಿ ಬೀಳುತ್ತಿದ್ದುದು, ಕುಡಿದಾದ ಮೇಲೆ ಇನ್ನರ್ಧ ಬರುತ್ತಿದ್ದುದು ಯಾಕೆಂದು ನನಗೆ ಆಗ ಹೊಳೆಯಿತು. ಅಷ್ಟು ದಿನ ನಾನು ಅದನ್ನು ಹಾಲಿನ ಉಳಿತಾಯ ಎಂದುಕೊಂಡಿದ್ದೆ.

"ಮಾವನವರ ಹಾಗೇ ಆಗುತ್ತೆ ಅಂತ ತಾನೆ ನಿಮ್ಮ ಹೆದರಿಕೆ?" ಎಂದಳು ನಡೆಯುತ್ತಲೇ. "ನನಗೂ ಅದೇ ಹೆದರಿಕೆ ಕಣ್ರೀ. ಇಬ್ರೂ ಬೇರೆ ಬೇರೆ ಹೆದರ್ಕೊಂಡು ಕೂತ್ರೆ ಏನು ಬಂತು. ತೋರ್ಸೋಣ ನಡೀರಿ."

ಒಂದು ವಾರ ರಜ ಹಾಕದೆ ತಳ್ಳಿದೆ. ಆಮೇಲೆ ಆಕೆಯೇ ಎಲ್ಲ ಏರ್ಪಾಡು ಮಾಡಿದಳು. ಅಪ್ಪನಿಗೆ ಕೆಂಗೇರಿಯಲ್ಲಿ ನೆಂಟರ ಮನೆಗೆ ಹೋಗಿಬರುತ್ತೇವೆ ಎಂದು ಹೇಳಿ, ಊರಿನ ಇನ್ನೊಂದು ದಿಕ್ಕಿನಲ್ಲಿದ್ದ ನರರೋಗದ ಆಸ್ಪತ್ರೆಗೆ ಹೋದೆವು. ಅಲ್ಲಿನ ಬೆಂಚಿನ ಮೇಲೆ ಕೂತಷ್ಟು ಹೊತ್ತು ನಾನು ಬೇರೆಯವರ ಕೈಗಳನ್ನೇ ನೋಡುತ್ತಿದ್ದೆ. ಎದುರಿಗಿದ್ದ ವಯಸ್ಸಾದವರೊಬ್ಬರ ಕೈ ಅಪ್ಪನದರ ಹಾಗೆಯೇ ಹೂಬತ್ತಿ ಹೊಸೆಯುತ್ತಿತ್ತು. ಇನ್ನು ಹತ್ತು ವರ್ಷಕ್ಕೆ ಈ ಕಡೆಯ ಬೆಂಚಿನಿಂದ ಆ ಕಡೆಯ ಬೆಂಚಿಗೆ ಎಂದುಕೊಂಡೆ. ಎದ್ದು ಹೋಗಿಬಿಡೋಣ ಎನ್ನಿಸಿತು. ಸರೋಜ ನನ್ನ ಷರಟಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಕೂತಿದ್ದಳು.

ಡಾಕ್ಟರು ನಡುವಯಸ್ಸಿನ ಹೆಂಗಸು. ಅವಸರವಿಲ್ಲದವರು. ಕೈಗಳನ್ನು ತೊಡೆಯ ಮೇಲೆ ಸುಮ್ಮನೆ ಇಟ್ಟುಕೊಳ್ಳಿ ಎಂದು ಹೇಳಿ, ತಮ್ಮ ಪಾಡಿಗೆ ಸರೋಜಳ ಜೊತೆ ಮಾತಾಡತೊಡಗಿದರು. ಮಧ್ಯೆ ಮಧ್ಯೆ ನನ್ನ ಕೈ ನೋಡುತ್ತಿದ್ದರು. ಆಮೇಲೆ ಕೈ ಚಾಚಲು ಹೇಳಿದರು, ಮೂಗು ಮುಟ್ಟಿಸಿದರು, ಆ ತುದಿಯಿಂದ ಈ ತುದಿಗೆ ನಡೆಸಿದರು. ಕಾಗದ ಕೊಟ್ಟು, ಚಕ್ಕುಲಿ ಸುತ್ತುವ ಹಾಗೆ ಒಳಗಿನಿಂದ ಹೊರಕ್ಕೆ ಸುತ್ತಿ ಎಂದರು. ವೃತ್ತಕ್ಕೆ ವೃತ್ತ ಸುತ್ತುತ್ತ ಹೋದೆ. ಅಂಚೆಲ್ಲ ಮುಳ್ಳುಮುಳ್ಳಾದ, ನಿಜವಾದ ಚಕ್ಕುಲಿಯೇ ಬಂತು. ನಾನು ಕಣ್ಣು ಮೇಲೆತ್ತಲಿಲ್ಲ. ಅಪ್ಪನ ಕಾಯಿಲೆಯ ವಿಷಯ ಹೇಳಿ, ನನಗೂ ಅದೇ ಅಲ್ಲವೇ ಎಂದು ಕೇಳಿದೆ.

"ನಿಮ್ಮ ತಂದೆಯವರ ಕೈ ಸುಮ್ಮನಿದ್ದಾಗ ನಡುಗುತ್ತೆ," ಎಂದರು ಡಾಕ್ಟರು. "ನಿಮ್ದು ಸುಮ್ಮನಿದ್ದಾಗ ನಿಂತಿರುತ್ತೆ, ಕೆಲಸಕ್ಕೆ ಹೊರಟಾಗ ನಡುಗುತ್ತೆ. ಇದು ಅದಲ್ಲ. ಬೇರೆ."

ಇದು ಕೆಲವರಿಗೆ ಇರುತ್ತದೆ, ವಯಸ್ಸಾದಂತೆ ಸ್ವಲ್ಪ ಹೆಚ್ಚಬಹುದು, ಹೆದರಿದರೆ ಆ ಕ್ಷಣಕ್ಕೇ ಹೆಚ್ಚುತ್ತದೆ, ಮಾತ್ರೆ ಕೊಡುತ್ತೇನೆ ಎಂದೆಲ್ಲ ಅವರು ಆಮೇಲೆ ವಿವರಿಸಿದರು. ನನಗೆ ಮೊದಲಿನ ಮಾತೇ ಕಿವಿಯಲ್ಲಿ ನಿಂತುಬಿಟ್ಟಿತ್ತು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಸರೋಜ ಸೆರಗಿನಿಂದ ಮೂಗು ಒರೆಸಿಕೊಂಡು, ಹೋಟೆಲಿನಲ್ಲಿ ಏನಾದರೂ ತಿಂದು ಹೋಗೋಣ ಎಂದಳು. ದೋಸೆ ತಿನ್ನುವಾಗ ಮತ್ತೆ ಭಯವಾಯಿತು. ಡಾಕ್ಟರು ತಪ್ಪು ಹೇಳಿದ್ದರೆ? ಒಂದು ವರ್ಷ ಜೊತೆಗಿದ್ದ ಹೆದರಿಕೆ ಒಂದು ಮಾತಿಗೆ ಮನೆ ಖಾಲಿ ಮಾಡುವುದಿಲ್ಲ ನೋಡಿ.

ಮನೆಗೆ ಬರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಅಪ್ಪ ವರಾಂಡದಲ್ಲಿ ಬೆತ್ತದ ಕುರ್ಚಿಯ ಮೇಲೆ ಕೂತಿದ್ದರು. ಸರೋಜ ಒಳಗೆ ಹೋದಳು. ನಾನು ಚಪ್ಪಲಿ ಬಿಡುತ್ತಿದ್ದಾಗ ಅಪ್ಪ ಕರೆದರು. ಅವರ ದನಿ ಅಷ್ಟು ಸಣ್ಣಗಾಗಿತ್ತು, ಬಗ್ಗಿ ಕೇಳಬೇಕು.

"ಕೆಂಗೇರಿಗೆ ಹೋಗಿರ್ಲಿಲ್ಲ ಅಲ್ವಾ," ಎಂದರು.

ಇಲ್ಲ ಎಂದೆ. ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತು, ಎಲ್ಲಿಗೆ ಹೋಗಿದ್ದೆವು, ಯಾಕೆ ಹೋಗಿದ್ದೆವು, ಡಾಕ್ಟರು ಏನೇನು ಮಾಡಿಸಿದರು, ಕೊನೆಗೆ ಏನೆಂದರು ಎಲ್ಲವನ್ನೂ ಹೇಳಿದೆ. ಅಪ್ಪನ ಮುಖದಲ್ಲಿ ಏನೂ ಕಾಣುವಂತಿರಲಿಲ್ಲ. ಆ ಕಾಯಿಲೆ ಮುಖವನ್ನೂ ಬಿಡುವುದಿಲ್ಲ. ತೊಡೆಯ ಮೇಲೆ ಬೆರಳುಗಳು ಮಾತ್ರ ಎಂದಿಗಿಂತ ಜೋರಾಗಿ ಉಜ್ಜಾಡುತ್ತಿದ್ದವು. ಆಮೇಲೆ ಕೇಳಿದರು.

"ನನ್ನಿಂದ ಬಂದಿದ್ದಲ್ಲ ಅಂದ್ರಾ?"

"ಅಲ್ಲ ಅಂದ್ರು ಅಪ್ಪ. ಬೇರೆ ಅಂತೆ."

"ಇನ್ನೊಂದ್ಸಲ ಹೇಳು."

ಇನ್ನೊಂದು ಸಲ ಹೇಳಿದೆ.

"ನೀನು ಲೋಟಾನ ಎರಡೂ ಕೈಲಿ ಹಿಡಿಯೋಕೆ ಶುರು ಮಾಡ್ದೆ ನೋಡು, ಆವತ್ತಿಂದ ನಾನು ಸರಿಯಾಗಿ ನಿದ್ದೆ ಮಾಡಿಲ್ಲ ಕಣೋ," ಎಂದರು. "ಕೈ ಹಿಡಿದು ಬರೆಸ್ದೆ. ಈ ಕಾಯಿಲೇನೂ ಹಾಗೇ ಕೊಟ್ಬಿಟ್ನೇನೋ ಅಂತ."

ನಾನು ಅವರ ನಡುಗುವ ಕೈಯನ್ನು ತೆಗೆದುಕೊಂಡು ನನ್ನ ಎರಡೂ ಕೈಗಳ ಮಧ್ಯೆ ಇಟ್ಟುಕೊಂಡೆ. ಒಳಗಿನಿಂದ ಸರೋಜ ದೀಪ ಹಾಕುವವರೆಗೂ ಹಾಗೇ ಕೂತಿದ್ದೆವು. ಒಂದೇ ಸೂರಿನ ಕೆಳಗೆ ಮೂರು ಜನ, ಒಬ್ಬರಿಗೆ ಗೊತ್ತಾಗದಂತೆ ಇನ್ನೊಬ್ಬರು, ಒಂದೇ ವಿಷಯಕ್ಕೆ ಒಂದು ವರ್ಷ ಹೆದರಿದ್ದೆವು.

ಆ ಭಾನುವಾರ ಶ್ರೀಕಂಠ ಬಂದಾಗ ನಾನು ತರಕಾರಿಗೆ ಹೋಗಲಿಲ್ಲ. ಟೀವಿಯ ಮೇಲಿದ್ದ ಫಾರಂ ತೆಗೆದು ದೂಳು ಕೊಡವಿದೆ. ಅಪ್ಪ ಕುರ್ಚಿಯನ್ನು ಮೇಜಿನ ಹತ್ತಿರ ಹಾಕಿಸಿಕೊಂಡು ಕೂತರು. ಹೆದರಿಕೆ ಹೋಗಿತ್ತು ಎಂದರೆ ಸುಳ್ಳಾಗುತ್ತದೆ. ಎದುರಿಗೆ ನೋಡುವವರಿದ್ದರು. ಆದರೂ ಪೆನ್ನು ತೆಗೆದುಕೊಂಡೆ. ಫ್ಯಾನಿನ ಗಾಳಿಗೆ ಫಾರಂ ಹಾರುತ್ತಿತ್ತು. ಅಪ್ಪ ಕೈ ಚಾಚಿ ಅದರ ಒಂದು ಅಂಚನ್ನು ಒತ್ತಿದರು. ಅವರ ಕೈಯ ನಡುಕಕ್ಕೆ ಕಾಗದ ಆ ಕಡೆಯಿಂದ ಅದುರಿತು, ನನ್ನ ಕೈಯ ನಡುಕಕ್ಕೆ ಈ ಕಡೆಯಿಂದ ಅದುರಿತು. ಮೇಜಿನ ಮೇಲೆ ಪಟಪಟನೆ ಸದ್ದಾಯಿತು.

ಶ್ರೀಕಂಠ ಒಮ್ಮೆ ಅಪ್ಪನ ಕೈ ನೋಡಿದ, ಒಮ್ಮೆ ನನ್ನ ಕೈ ನೋಡಿದ. ಎದ್ದು ಫ್ಯಾನು ಆರಿಸಿ ಬಂದು, ಕಾಗದದ ನಟ್ಟನಡುವೆ ತನ್ನ ಅಗಲವಾದ ಅಂಗೈಯನ್ನು ಊರಿ ಹಿಡಿದ.

"ಈಗ ಹಾಕು," ಎಂದ.

ಹಾಕಿದೆ.